ಬೇಡ ಅಂದರೆ ಬೇಡವೇ: ಜರ್ಮನಿಯಲ್ಲಿ ನಮ್ಮ ಉಪಚಾರ ತಪ್ಪಾಗುವುದು ಎಲ್ಲಿ

ಜರ್ಮನಿಗೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಸಹೋದ್ಯೋಗಿಯೊಬ್ಬರು ಭಾನುವಾರ ಮಧ್ಯಾಹ್ನ ಮನೆಗೆ ಕಾಫಿಗೆ ಕರೆದಿದ್ದರು. ಮೇಜಿನ ಮೇಲೆ ಸೇಬಿನ ಕೇಕು, ಪಕ್ಕದ ಬಟ್ಟಲಲ್ಲಿ ಬೆಳ್ಳಗೆ ಉಬ್ಬಿದ ಕೆನೆ. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಬಿದ್ದಿದ್ದು ಎರಡು ತುಂಡು ಬ್ರೆಡ್ಡು ಮಾತ್ರ. ಮನೆಯಾಕೆ ಕೇಕಿನ ತುಂಡೊಂದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ನಾನು ನಗುತ್ತ "ದಾಂಕೆ, ದಾಂಕೆ" ಎಂದೆ. ಮನಸ್ಸಿನಲ್ಲಿ ಲೆಕ್ಕ ಸಿದ್ಧವಾಗಿತ್ತು: ಈಗ ನಾನು ಬೇಡ ಬೇಡ ಅನ್ನುತ್ತೇನೆ, ಅವರು ಅಯ್ಯೋ ಒಂದೇ ಒಂದು ಅನ್ನುತ್ತಾರೆ, ಮೂರನೇ ಸಲಕ್ಕೆ ನಾನು ತಟ್ಟೆ ಮುಂದೆ ಚಾಚುತ್ತೇನೆ. ಅವರು ತಲೆಯಾಡಿಸಿ ಆ ತುಂಡನ್ನು ನನ್ನ ಪಕ್ಕದವರ ತಟ್ಟೆಗೆ ಹಾಕಿದರು. ಆಮೇಲೆ ಎರಡು ಗಂಟೆ ಹೊತ್ತು ಕಾಫಿ ಕುಡಿಯುತ್ತ, ಕೇಕು ಕರಗುವುದನ್ನು ನೋಡುತ್ತ ಕೂತಿದ್ದೆ.

ಆ ಮನೆಯಲ್ಲಿ ಯಾರೂ ಜಿಪುಣರಲ್ಲ. ಏನನ್ನಾದರೂ ಕೊಡಲು ಬಂದಾಗ ಬರೀ 'ದಾಂಕೆ' ಅಂದರೆ ಜರ್ಮನ್ ಭಾಷೆಯಲ್ಲಿ 'ಬೇಡ, ಕೇಳಿದ್ದಕ್ಕೆ ಧನ್ಯವಾದ' ಎಂದು ಅರ್ಥ. ಬೇಕಿದ್ದರೆ 'ಯಾ, ಗೆರ್ನೆ' ಅನ್ನಬೇಕು, ಅಥವಾ 'ಬಿಟ್ಟೆ'. ಆದರೆ ಪದ ತಿಳಿದಿದ್ದರೂ ನಾನು ಆ ದಿನ ಎಡವುತ್ತಿದ್ದೆ. ನಮ್ಮಲ್ಲಿ ಮೊದಲ ಸಲಕ್ಕೇ ಹೂಂ ಅಂದರೆ ಹೊಟ್ಟೆಬಾಕ. ಎರಡನೇ ಸಲ ಒತ್ತಾಯ ಮಾಡದವರು ಮನಸ್ಸಿಲ್ಲದೆ ಬಡಿಸಿದವರು. ಅಲ್ಲಿ ಲೆಕ್ಕ ತಿರುಗುಮುರುಗು. ದೊಡ್ಡವರೊಬ್ಬರು ಬೇಡ ಅಂದ ಮೇಲೂ ಬಡಿಸುವುದೆಂದರೆ ಅವರ ಮಾತಿಗೆ ಬೆಲೆ ಕೊಡದಂತೆ. ಒತ್ತಾಯ ಮಾಡದೆ ಬಿಡುವುದೇ ಮರ್ಯಾದೆ.

ಹೊರದೇಶಕ್ಕೆ ಹೊರಟವರಿಗೆ ಸಿಗುವ ಬುದ್ಧಿಮಾತೆಲ್ಲ ಚಾಕು ಯಾವ ಕೈಯಲ್ಲಿ, ಮುಳ್ಳುಚಮಚ ಯಾವ ಕೈಯಲ್ಲಿ ಎಂಬಂಥವು. ಅಂಥ ತಪ್ಪುಗಳನ್ನು ಜನ ನಕ್ಕು ಮರೆಯುತ್ತಾರೆ. ಹೊಸಬರು, ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ನಿಜವಾಗಿ ಕಾಡುವುದು, ನಾವು ಒಳ್ಳೆಯ ಮನೆತನದವರಂತೆ ನಡೆದುಕೊಂಡಾಗ ಆಗುವ ತಪ್ಪುಗಳು. ನಮ್ಮ ಕಡೆಯಿಂದ ಎಲ್ಲ ಸರಿಯಾಗಿಯೇ ಇರುವುದರಿಂದ ಏನೋ ಕೆಟ್ಟಿದೆ ಎಂದು ನಮಗೆ ಗೊತ್ತೇ ಆಗುವುದಿಲ್ಲ. ಎದುರಿನವರಿಗೂ ಅದು ಅಜ್ಞಾನವಾಗಿ ಕಾಣದೆ ಸ್ವಭಾವವಾಗಿ ಕಾಣುತ್ತದೆ.

ನನಗೆ ಗೊತ್ತಿರುವುದು ಜರ್ಮನಿಯ ನೈಋತ್ಯ ಮೂಲೆ, ಸ್ಟುಟ್‌ಗಾರ್ಟ್ ಸುತ್ತಮುತ್ತಲಿನ ಶ್ವಾಬಿಯಾ. ಬೆಂಗಳೂರಿನವರಿಗೆ ಇದು ಅಷ್ಟೇನೂ ದೂರದ ಊರಲ್ಲ. ಆಡುಗೋಡಿಯ ಬಾಷ್ ಕಂಪನಿಯ ಮೂಲ ಕಚೇರಿ ಇರುವುದು ಇಲ್ಲೇ ಪಕ್ಕದ ಗೆರ್ಲಿಂಗೆನ್‌ನಲ್ಲಿ. ಹ್ಯಾಂಬರ್ಗಿನಲ್ಲಿ, ಬರ್ಲಿನ್‌ನಲ್ಲಿ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಕಲಬುರಗಿಯವರೂ ಮಂಗಳೂರಿನವರೂ ಒಂದೇ ಥರ ಇದ್ದಾರೆಯೇ?

ನೀನು, ನೀವು

ಒಂದು ವಿಷಯದಲ್ಲಿ ನಾವು ಇಂಗ್ಲಿಷಿನವರಿಗಿಂತ ಪುಣ್ಯವಂತರು. ಜರ್ಮನ್ ಭಾಷೆಯಲ್ಲೂ ನೀನು, ನೀವು ಇದೆ: 'ದು' ಮತ್ತು 'ಝೀ'. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಕಿಟ್ಟೆಲ್ ಜರ್ಮನಿಯವರು, ತೀರಿಕೊಂಡಿದ್ದು ಇಲ್ಲಿಂದ ಸ್ವಲ್ಪವೇ ದೂರದ ಟ್ಯೂಬಿಂಗೆನ್‌ನಲ್ಲಿ. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಈ ಸೀಮೆಯಲ್ಲೇ ಹುಟ್ಟಿದವರು. ನಮ್ಮ ನೀನು-ನೀವಿನ ತಲೆಬಿಸಿ ಅವರಿಗೆ ಹೊಸದಾಗಿರಲಿಕ್ಕಿಲ್ಲ. ದೇವರನ್ನು ನಾವು ನೀನು ಅನ್ನುತ್ತೇವೆ, ಅವರೂ ಪ್ರಾರ್ಥನೆಯಲ್ಲಿ ದು ಅನ್ನುತ್ತಾರೆ.

ಹೋಲಿಕೆ ಇಷ್ಟಿರುವುದರಿಂದಲೇ ನಾವು ಜಾರುತ್ತೇವೆ. ನಮ್ಮ ನೀನು-ನೀವು ಏಣಿಯಂತೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಮೇಲಿನವರು ನೀನು ಅನ್ನುತ್ತಾರೆ, ಕೆಳಗಿನವರು ನೀವು ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ನಾವು ನೀನು, ಅವನಿಂದ ನಮಗೆ ಸಾರ್. ಜರ್ಮನ್ನರದು ತಕ್ಕಡಿ, ಎರಡೂ ಕಡೆ ಒಂದೇ ಇರಬೇಕು. ಇಬ್ಬರೂ ಝೀ ಅನ್ನಬೇಕು ಅಥವಾ ಇಬ್ಬರೂ ದು ಅನ್ನಬೇಕು. ಮಕ್ಕಳನ್ನು ಬಿಟ್ಟರೆ ಒಂದು ಕಡೆಯ ದು ಅವಮಾನ. ಆಫೀಸಿನ ಕಸ ಗುಡಿಸಲು ಬರುವ ಹೆಂಗಸು ಕೂಡ 'ಫ್ರಾವ್' (ಅಂದರೆ ಶ್ರೀಮತಿ) ಇಂಥವರು, ಝೀ. ಹೊಸದಾಗಿ ಭಾಷೆ ಕಲಿತ ನಮ್ಮವರು ಕೆಲವರು ಮ್ಯಾನೇಜರಿಗೆ ಬಗ್ಗಿ ಝೀ ಅನ್ನುವುದನ್ನೂ, ಅದೇ ಉಸಿರಿನಲ್ಲಿ ಕ್ಯಾಂಟೀನಿನಲ್ಲಿ ಬಡಿಸುವವರಿಗೆ ದು ಅನ್ನುವುದನ್ನೂ ಕೇಳಿದ್ದೇನೆ. ವ್ಯಾಕರಣದ ತಪ್ಪಾಗಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನ್ನೂ ಬಲ್ಲವನು ಆರಿಸಿ ಆರಿಸಿ ಬಳಸಿದಾಗ ಸುತ್ತಲಿನ ಮುಖಗಳು ಗಂಭೀರವಾಗುತ್ತವೆ. ಜಾತಿ ಊರಲ್ಲೇ ಬಿಟ್ಟು ಬಂದಿದ್ದೇನೆ ಅನ್ನುವವನ ನಾಲಿಗೆಯ ಮೇಲೆ ಅದು ಕೂತಿರುವ ಬಗೆ ಇದು.

ಝೀಯಿಂದ ದುಗೆ ಹೋಗಲು ಪದ್ಧತಿಯಿದೆ. ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ಹಿರಿಯರು "ನಾವು ದು ಅನ್ನೋಣವೇ?" ಎಂದು ಬಾಯಿಬಿಟ್ಟು ಕೇಳುತ್ತಾರೆ. ಆ ಮೇಲೆ ಹೆಸರು ಹಿಡಿದು ಕರೆಯಬಹುದು. ನಮ್ಮ ಕಷ್ಟ ಇಲ್ಲಿ ಶುರು. ಅರವತ್ತು ವರ್ಷದವರು ದು ಅನ್ನು, ಹೆಸರು ಹಿಡಿದು ಕರೆ ಅಂದರೂ ನಮಗೆ ಬಾಯಿ ಬರುವುದಿಲ್ಲ. ಗೌರವಕ್ಕೆಂದು ಝೀಯನ್ನೇ ಮುಂದುವರಿಸುತ್ತೇವೆ. ಅವರಿಗೆ ಅದು ಚಾಚಿದ ಕೈಯನ್ನು ಹಿಡಿಯದೆ ಬಿಟ್ಟಂತೆ ಕಾಣುತ್ತದೆ. ಈಚೆಗೆ ಸಾಫ್ಟ್‌ವೇರ್ ಆಫೀಸುಗಳಲ್ಲಿ ಮೊದಲ ದಿನದಿಂದಲೇ ದು. ಬ್ಯಾಂಕು, ನಗರಸಭೆ, ಡಾಕ್ಟರು, ಮನೆ ಮಾಲೀಕರು ಮಾತ್ರ ಇನ್ನೂ ಝೀ. ಗೊತ್ತಾಗದಿದ್ದಾಗ ಝೀ ಹಿಡಿಯಿರಿ.

ಝೀ ಜೊತೆ ಬರುವುದು ಮನೆತನದ ಹೆಸರು. ನಮ್ಮಲ್ಲಿ ಅನೇಕರಿಗೆ ಅಂಥದ್ದು ಇಲ್ಲವೇ ಇಲ್ಲ. ಪಾಸ್‌ಪೋರ್ಟಿನ ಆ ಖಾನೆಯಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆಸಿರುತ್ತೇವೆ. ಹಾಗಾಗಿ ಇಲ್ಲಿ ಎಲ್ಲ ಕಡೆ ನನ್ನನ್ನು ಕರೆಯುವುದು ಅಪ್ಪನ ಹೆಸರಿನಿಂದ. ಡಾಕ್ಟರ ಕೋಣೆಯಲ್ಲಿ ಅಪ್ಪನನ್ನು ಕೂಗಿದಾಗ ಮೊದಮೊದಲು ನಾನು ಏಳುತ್ತಲೇ ಇರಲಿಲ್ಲ. ಹೆಸರಿನ ಇನ್ನೊಂದು ಸಂಗತಿ: ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಬೀದಿ ಮತ್ತು ಕಟ್ಟಡದ ಸಂಖ್ಯೆ ಅಷ್ಟೇ. ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರು ಅಂಟಿಸದಿದ್ದರೆ ಬ್ಯಾಂಕಿನ ಕಾರ್ಡೂ ವಾಪಸ್, ವೀಸಾ ಕಚೇರಿಯ ಪತ್ರವೂ ವಾಪಸ್. ಮನೆಗೆ ಬಂದ ದಿನವೇ ಬಾಗಿಲ ಬೆಲ್ಲಿಗೂ ಡಬ್ಬಿಗೂ ಹೆಸರು ಅಂಟಿಸಿ.

ಭಾನುವಾರದ ಗ್ರೈಂಡರು

ಬೆಂಗಳೂರಿನಿಂದ ಟೇಬಲ್‌ಟಾಪ್ ಗ್ರೈಂಡರ್ ಹೊತ್ತು ತಂದಿದ್ದೆ. ಕಲ್ಲಿನ ಭಾರಕ್ಕೆ ಬಟ್ಟೆ ಕಡಿಮೆ ಮಾಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಉದ್ದು ಹಾಕಿ ಚಾಲೂ ಮಾಡಿದೆ. ಹತ್ತು ನಿಮಿಷದಲ್ಲಿ ಬೆಲ್ ಹೊಡೆಯಿತು. ಕೆಳಮನೆಯ ಹಿರಿಯ ಹೆಂಗಸು. ಬೈಯಲಿಲ್ಲ. "ಇವತ್ತು ಭಾನುವಾರ" ಅಂದರು, ಅಷ್ಟೇ. ನಾನು ಹಲ್ಲು ಕಿರಿದು, "ಹೌದು ಹೌದು, ದೋಸೆಗೆ ಹಿಟ್ಟು ರುಬ್ಬುತ್ತಾ ಇದೀನಿ, ನಾಳೆ ನೀವೂ ಬನ್ನಿ" ಅಂದೆ. ನಮ್ಮೂರಲ್ಲಿ ಈ ಒಂದು ಮಾತಿಗೆ ಅರ್ಧ ಜಗಳ ಇಳಿಯುತ್ತದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ನಾನು ಅವರ ಮಾತು ಕೇಳಿಸಿಕೊಂಡೇ ಇಲ್ಲ ಅಂದುಕೊಂಡಿರಬೇಕು.

ಇಲ್ಲಿ ಭಾನುವಾರ ಎಂದರೆ ರಜೆಯಷ್ಟೇ ಅಲ್ಲ. 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನೂ ಸರ್ಕಾರ ಒಪ್ಪಿದ ಹಬ್ಬದ ದಿನಗಳನ್ನೂ ವಿಶ್ರಾಂತಿಯ ದಿನಗಳಾಗಿ ಕಾನೂನಿನ ರಕ್ಷಣೆಯಲ್ಲಿ ಇಟ್ಟಿತು. 1949ರ ಸಂವಿಧಾನ ತನ್ನ 140ನೇ ವಿಧಿಯಲ್ಲಿ ಅದನ್ನು ಹಾಗೆಯೇ ಒಳಗೆ ತೆಗೆದುಕೊಂಡಿತು. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ರಾಜ್ಯ ಅನುಮತಿ ಕೊಟ್ಟಾಗ ಚರ್ಚುಗಳು ಕೋರ್ಟಿಗೆ ಹೋದವು. 2009ರ ಡಿಸೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದು ಸಲ್ಲದು ಅಂದಿತು. ದೇವರನ್ನು ನಂಬದವರೂ ಭಾನುವಾರದ ಮೌನವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ಲು, ಹುಲ್ಲು ಕತ್ತರಿಸುವ ಯಂತ್ರ ಯಾವುದೂ ಇಲ್ಲ. ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಿಗೆ ಹಾಕುವುದೂ ಇಲ್ಲ, ಒಡೆಯುವ ಸದ್ದಾಗುತ್ತದಲ್ಲ. ವಾರದ ಉಳಿದ ದಿನಗಳಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೌನ. ಕೆಲವು ಕಟ್ಟಡಗಳ ಮನೆ ನಿಯಮದಲ್ಲಿ ಮಧ್ಯಾಹ್ನಕ್ಕೂ ಒಂದೆರಡು ಗಂಟೆ ಇರುತ್ತದೆ. ಬಾಡಿಗೆ ಕರಾರಿನ ಜೊತೆ ಕೊಡುವ ಆ ಹಾಳೆಗಳನ್ನು ಸಹಿ ಹಾಕುವ ಮೊದಲು ಓದಿದ ಕನ್ನಡಿಗರನ್ನು ನಾನಿನ್ನೂ ಕಂಡಿಲ್ಲ, ನನ್ನನ್ನೂ ಸೇರಿಸಿ.

ಮಿಕ್ಸಿ ಎರಡು ನಿಮಿಷ ತಿರುಗಿದರೆ ಯಾರೂ ಬಾಗಿಲು ಬಡಿಯುವುದಿಲ್ಲ. ಗ್ರೈಂಡರಿನದು ಅರ್ಧ ಗಂಟೆಯ ಗುಡುಗುಡು, ಅದೂ ನೆಲಕ್ಕೆ ಇಳಿಯುವಂಥದ್ದು. ಈಗ ಶುಕ್ರವಾರ ರಾತ್ರಿ ನೆನೆಹಾಕಿ, ಶನಿವಾರ ಬೆಳಿಗ್ಗೆ ಗ್ರೈಂಡರಿನ ಅಡಿಗೆ ಹಳೇ ಚಾಪೆ ಹಾಸಿ ರುಬ್ಬುತ್ತೇನೆ. ಹಿಟ್ಟು ಓವನ್ನಿನೊಳಗೆ ಬರೀ ದೀಪ ಉರಿಸಿಟ್ಟರೆ ಚಳಿಗಾಲದಲ್ಲೂ ಉಬ್ಬುತ್ತದೆ.

ಕೆಳಮನೆಯವರಿಗೆ ಆಮೇಲೆ ದೋಸೆ ತಲುಪಿತು. ಆದರೆ ಸೀದಾ ಹೋಗಿ ಬಾಗಿಲು ತಟ್ಟಲಿಲ್ಲ. ಹಿಂದಿನ ವಾರ ಮೆಟ್ಟಿಲಲ್ಲಿ ಸಿಕ್ಕಾಗ, ಮುಂದಿನ ಶನಿವಾರ ಸಂಜೆ ಐದಕ್ಕೆ ತರಲೇ ಎಂದು ಕೇಳಿದೆ. ಅವರು ಮುಖ ಅರಳಿಸಿ, ಐದಕ್ಕೆ ಬಾಗಿಲು ತೆರೆದು ಕಾಯುತ್ತಿದ್ದರು. ಕೊಟ್ಟ ತಟ್ಟೆಯನ್ನು ಮಾರನೇ ದಿನ ತೊಳೆದು ಒರೆಸಿ ಖಾಲಿಯಾಗಿಯೇ ವಾಪಸ್ ಕೊಟ್ಟರು. ಖಾಲಿ ಪಾತ್ರೆ ಕೊಡಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಬೇಕು ಎಂದು ಬೆಳೆದ ನನಗೆ ಒಂದು ಕ್ಷಣ ಚುರುಕ್ ಅಂದಿತು. ತಪ್ಪು ಹುಡುಕುವವರು ಅವರು ಮಾತ್ರ ಅಲ್ಲವಲ್ಲ!

ದೀಪಾವಳಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಜನಸಾಮಾನ್ಯರು ಪಟಾಕಿ, ರಾಕೆಟ್ ಹಚ್ಚಲು ಅನುಮತಿ ಇರುವುದು ಡಿಸೆಂಬರ್ 31 ಮತ್ತು ಜನವರಿ 1ರಂದು ಮಾತ್ರ. ಅಕ್ಟೋಬರಿನಲ್ಲಿ ಒಂದು ಸರಮಾಲೆ ಹೊಡೆದರೆ ಪೊಲೀಸರು ಬರುತ್ತಾರೆ. ಸುರ್‌ಸುರ್ ಬತ್ತಿಯಂಥ ಪುಟಾಣಿಗಳಿಗೆ ವರ್ಷವಿಡೀ ಅಡ್ಡಿಯಿಲ್ಲ.

ಬಾಗಿಲಿಗೆ ನೇತುಬೀಳುವ ಬೋರ್ಡು

ಶ್ವಾಬಿಯಾಕ್ಕೇ ವಿಶೇಷವಾದದ್ದು 'ಕೇರ್‌ವೋಖೆ', ಅಂದರೆ ಗುಡಿಸುವ ವಾರ. ಒಂದು ಕಟ್ಟಡದಲ್ಲಿ ಆರು ಮನೆಗಳಿದ್ದರೆ ಸರದಿಯ ಮೇಲೆ ಒಬ್ಬೊಬ್ಬರು ವಾರವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ಇದು ಚಿಕ್ಕ ಕೇರ್‌ವೋಖೆ. ದೊಡ್ಡದರಲ್ಲಿ ಅಂಗಳ, ಕಸದ ಡಬ್ಬಿಯ ಜಾಗ, ಮುಂದಿನ ಕಾಲುದಾರಿ ಎಲ್ಲ ಬರುತ್ತದೆ, ಚಳಿಗಾಲದಲ್ಲಿ ಹಿಮ ತೆಗೆಯುವುದೂ ಸೇರುತ್ತದೆ. ಯಾರ ಸರದಿಯೋ ಅವರ ಬಾಗಿಲಿಗೆ 'ಕೇರ್‌ವೋಖೆ' ಎಂದು ಬರೆದ ಸಣ್ಣ ಬೋರ್ಡು ನೇತಾಡುತ್ತದೆ. ಕೆಲಸ ಮುಗಿಸಿ ಮುಂದಿನವರ ಬಾಗಿಲಿಗೆ ದಾಟಿಸಬೇಕು.

ಇದರ ಬೇರು ಹದಿನೈದನೇ ಶತಮಾನದ ಕೊನೆಯ ನಗರ ಕಟ್ಟಳೆಗಳವರೆಗೆ ಹೋಗುತ್ತದೆ ಎಂದು ಇಲ್ಲಿನವರು ಹೆಮ್ಮೆಪಡುತ್ತಾರೆ. ಸ್ಟುಟ್‌ಗಾರ್ಟ್ ನಗರದ ಮಟ್ಟದಲ್ಲಿ ಅದರ ಕಡ್ಡಾಯವನ್ನು ಮೇಯರ್ ಮಾನ್‌ಫ್ರೆಡ್ ರೊಮೆಲ್ 1988ರಲ್ಲಿ ತೆಗೆದುಹಾಕಿದರು. ಆದರೂ ಬಾಡಿಗೆ ಕರಾರುಗಳಲ್ಲಿ ಅದು ಬದುಕಿದೆ. ನಮ್ಮವರು ಮಾಡುವ ತಪ್ಪು ಸೋಮಾರಿತನದ್ದಲ್ಲ. ಮೆಟ್ಟಿಲು ನೋಡುತ್ತೇವೆ, ಒಂದು ಧೂಳಿನ ಕಣ ಇರುವುದಿಲ್ಲ, ಈ ವಾರ ಬೇಡ ಬಿಡು ಅಂದುಕೊಳ್ಳುತ್ತೇವೆ. ಕೊಳೆಗೂ ಸರದಿಗೂ ಸಂಬಂಧವಿಲ್ಲ ಎಂಬುದು ಹೊಳೆಯುವುದಿಲ್ಲ. ನಿಮ್ಮ ವಾರ, ನೀವು ಒರೆಸಬೇಕು, ಅಕ್ಕಪಕ್ಕದ ಮನೆಯವರು ನೋಡುವಂತೆ ಒರೆಸಿದರೆ ಇನ್ನೂ ಒಳ್ಳೆಯದು. ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬಹುದು. ಮಾಡದೆ ಬೋರ್ಡನ್ನು ಮುಂದಿನ ಬಾಗಿಲಿಗೆ ಸಾಗಿಸಿದರೆ ಇಡೀ ಕಟ್ಟಡಕ್ಕೆ ಸುದ್ದಿ.

ಚಪ್ಪಲಿ ಇನ್ನೊಂದು. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಎಂಬುದರಲ್ಲಿ ನಾವೂ ಅವರೂ ಬಹುಮಟ್ಟಿಗೆ ಒಂದೇ. ಆದರೆ ನಾವು ಬಾಗಿಲ ಹೊರಗೆ ಬಿಡುತ್ತೇವೆ, ಅವರು ಬಾಗಿಲ ಒಳಗೆ ಬಿಡುತ್ತಾರೆ. ಮೆಟ್ಟಿಲ ದಾರಿ ಬೆಂಕಿ ಬಿದ್ದಾಗ ಓಡುವ ದಾರಿ. ಸತ್ಯನಾರಾಯಣ ಪೂಜೆಗೆ ಬಂದ ಇಪ್ಪತ್ತು ಜನರ ನಲವತ್ತು ಚಪ್ಪಲಿ ಅಲ್ಲಿ ಹರಡಿದ್ದರೆ ಮೇಲ್ಮನೆಯವರಿಗೆ ಕಾಣುವುದು ಭಕ್ತಿಯಲ್ಲ.

ಕಸದ ಬಣ್ಣಗಳನ್ನು ಇಲ್ಲಿ ವಿವರಿಸುವುದಿಲ್ಲ, ಊರಿಗೊಂದು ಬಗೆ, ಪುರಸಭೆಯ ಹಾಳೆ ನೋಡಿಕೊಳ್ಳಿ. ಒಂದು ಮಾತ್ರ: ಒಮ್ಮೆ ಬಳಸುವ ಪ್ಲಾಸ್ಟಿಕ್ ನೀರಿನ ಬಾಟಲಿಗೂ ಪಾನೀಯದ ತಗಡಿನ ಡಬ್ಬಿಗೂ 25 ಸೆಂಟು ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್. ಬೀದಿಯಲ್ಲಿ ಬೇಡವಾದರೆ ಕಸದ ಡಬ್ಬಿಯೊಳಗೆ ಎಸೆಯದೆ ಅದರ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಆಯ್ದು ಬದುಕುವ ಬಡವರು, ಮುದುಕರು ಕಸಕ್ಕೆ ಕೈಹಾಕದೆ ತೆಗೆದುಕೊಳ್ಳಲಿ ಎಂದು. ಇದನ್ನು ಯಾವ ನಿಯಮದ ಹಾಳೆಯೂ ಹೇಳುವುದಿಲ್ಲ.

ಬಿಲ್ಲು, ಹುಟ್ಟುಹಬ್ಬ, 'ನೋಡೋಣ'

ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಬಿಲ್ಲಿಗಾಗಿ ಕೈ ಕೈ ಮಿಲಾಯಿಸುವುದು ನಮ್ಮ ಪ್ರೀತಿಯ ಆಟ. ಇಲ್ಲಿ ಬಡಿಸಿದವರೇ ಬಂದು ಕೇಳುತ್ತಾರೆ: ಒಟ್ಟಿಗೋ, ಬೇರೆ ಬೇರೆಯೋ? ಬೇರೆ ಬೇರೆ ಅನ್ನುವುದರಲ್ಲಿ ಏನೂ ಸಣ್ಣತನವಿಲ್ಲ. ನೀವು ಹಟ ಮಾಡಿ ಎಲ್ಲರದೂ ಕೊಟ್ಟರೆ ಅವರ ತಲೆ ಮೇಲೆ ಸಾಲ ಹೊರಿಸಿದಂತಾಗಿ ಮುಂದಿನ ಸಲ ನಿಮ್ಮ ಜೊತೆ ಬರಲು ಯೋಚಿಸುತ್ತಾರೆ. ಆದರೆ "ನಾನು ಆಹ್ವಾನಿಸುತ್ತೇನೆ" ಎಂದು ಕರೆದಿದ್ದರೆ ಬಿಲ್ಲು ನಿಮ್ಮದೇ, ಅದರಲ್ಲಿ ಚರ್ಚೆಯಿಲ್ಲ.

ಇಲ್ಲೂ 'ದಾಂಕೆ' ಕಾದು ಕೂತಿರುತ್ತದೆ. ಬಿಲ್ಲು 38 ಯೂರೋ ಆಗಿದೆ, ನೀವು 50ರ ನೋಟು ಕೊಟ್ಟು ವಿನಯದಿಂದ ದಾಂಕೆ ಅಂದಿರಿ. ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದು ಹೇಳಿದಂತೆ! ಹನ್ನೆರಡು ಯೂರೋ ಹೋಯಿತು. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಕ್ಕಿಂತ, ಒಟ್ಟು ಎಷ್ಟು ಹಿಡಿಯಬೇಕೋ ಆ ಅಂಕಿಯನ್ನು ಬಾಯಲ್ಲಿ ಹೇಳುವುದು ಇಲ್ಲಿನ ಕ್ರಮ. 50 ಕೊಟ್ಟು "41" ಅಂದರೆ 9 ವಾಪಸ್ ಬರುತ್ತದೆ. ಐದರಿಂದ ಹತ್ತು ಪರ್ಸೆಂಟು ಸಾಕು.

ಹುಟ್ಟುಹಬ್ಬದ ವಿಷಯದಲ್ಲಿ ನಮ್ಮವರು ಒಂದು ತಪ್ಪನ್ನು ತಪ್ಪದೆ ಮಾಡುತ್ತಾರೆ. ಶನಿವಾರ ಹುಟ್ಟಿದ ದಿನ, ಅವತ್ತು ಸಿಗುವುದಿಲ್ಲ, ಶುಕ್ರವಾರವೇ 'ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ' ಹೇಳಿಬಿಡುವುದು. ಜರ್ಮನ್ನರಿಗೆ ಅದು ಅಪಶಕುನ. ದಿನ ಬರುವ ಮೊದಲೇ ಹಾರೈಸಿದರೆ ಕೆಡಕು ಎಂದು, ದೆವ್ವಭೂತ ನಂಬದ ಎಂಜಿನಿಯರುಗಳೂ ಮುಖ ಸಣ್ಣ ಮಾಡುತ್ತಾರೆ. ಸೋಮವಾರ ತಡವಾಗಿ ಹೇಳಿ, ಏನೂ ಆಗುವುದಿಲ್ಲ. ಇನ್ನು ಕೇಕು ತರಬೇಕಾದವರು ಹುಟ್ಟುಹಬ್ಬದವರೇ. ಸಹೋದ್ಯೋಗಿಗಳು ಕೇಕು ತರಲಿಲ್ಲ, ಯಾರೂ ನೆನಪಿಟ್ಟುಕೊಂಡಿಲ್ಲ ಎಂದು ಬೇಸರಪಟ್ಟು ಕೂತವರು, ಅವರೆಲ್ಲ ನಿಮ್ಮ ಕೇಕಿಗೆ ಕಾಯುತ್ತಿದ್ದರು ಎಂದು ಅರ್ಥ ಮಾಡಿಕೊಳ್ಳಬೇಕು.

ಆಫೀಸಿನ ವಿಷಯಕ್ಕೆ ಬಂದರೆ, ನಮ್ಮ ದೊಡ್ಡ ಕಂಟಕ 'ನೋಡೋಣ'. ಮುಖದ ಮೇಲೆ ಆಗಲ್ಲ ಅನ್ನುವುದು ಒರಟುತನ ಎಂದು ನಾವು ನೋಡೋಣ, ಪ್ರಯತ್ನ ಮಾಡ್ತೀನಿ, ಆಗಬಹುದು ಅನ್ನುತ್ತೇವೆ. ನಮ್ಮಲ್ಲಿ ಕೇಳಿದವರಿಗೆ ಗೊತ್ತಾಗುತ್ತದೆ, ಇದು ಆಗುವ ಮಾತಲ್ಲ ಎಂದು. ಜರ್ಮನ್ ಸಹೋದ್ಯೋಗಿ ಅದನ್ನು ಒಪ್ಪಿಗೆಯ ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಗುರುವಾರ ಕೆಲಸ ಬರದಿದ್ದಾಗ ಅವನಿಗೆ ಕೋಪ ಬರುವುದು ಕೆಲಸ ಆಗದ್ದಕ್ಕಿಂತ, ಆಗುವುದಿಲ್ಲ ಎಂದು ಸೋಮವಾರವೇ ಹೇಳದ್ದಕ್ಕೆ. ಇದರ ಮೇಲೆ ನಮ್ಮ ತಲೆಯಾಡಿಸುವಿಕೆ ಬೇರೆ. ಅಡ್ಡವೂ ಅಲ್ಲ, ಉದ್ದವೂ ಅಲ್ಲ. ಮೀಟಿಂಗ್ ಒಂದರಲ್ಲಿ ನನ್ನ ತಲೆಯನ್ನೇ ನೋಡುತ್ತಿದ್ದವರೊಬ್ಬರು ಕೊನೆಗೆ ತಡೆಯಲಾರದೆ, "ಅದು ಹೌದೋ, ಅಲ್ಲವೋ?" ಎಂದು ಕೇಳಿದರು. ಹೂಂ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ಅದರ ಅರ್ಥ ಎಂದು ವಿವರಿಸಿದೆ. ಆಮೇಲಿಂದ ಬಾಯಲ್ಲೂ ಹೇಳುತ್ತೇನೆ.

ಅವರ ಕಡೆಯಿಂದ ಬರುವ ನೇರ ಮಾತು ನಮಗೆ ಮೊದಲು ಏಟಿನ ಹಾಗೆ ಬೀಳುತ್ತದೆ. "ಇದು ತಪ್ಪು" ಅಂದರೆ ಕೆಲಸದಲ್ಲಿ ತಪ್ಪಿದೆ ಎಂದು, ನಿಮ್ಮಲ್ಲಿ ತಪ್ಪಿದೆ ಎಂದಲ್ಲ. ಮಧ್ಯಾಹ್ನ ಅದೇ ಮನುಷ್ಯ ನಗುತ್ತ ಊಟಕ್ಕೆ ಕರೆಯುತ್ತಾನೆ. ಹೊಗಳಿಕೆಗೆ ಮಾತ್ರ ಕಾಯಬೇಡಿ. ಬೈಯದೆ ಇದ್ದರೆ ಅದೇ ಸಾಕಷ್ಟು ಹೊಗಳಿಕೆ ಎಂದು ಶ್ವಾಬಿಯಾದಲ್ಲಿ ಗಾದೆಯೇ ಇದೆ. ಅಂದಹಾಗೆ, ನಮ್ಮ 'ಊಟ ಆಯ್ತಾ?' ಇಲ್ಲಿಗೆ ತರ್ಜುಮೆ ಆಗುವುದಿಲ್ಲ, ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಆದರೆ ಮಧ್ಯಾಹ್ನದ ಹೊತ್ತು ಆಫೀಸಿನ ಓಣಿಯಲ್ಲಿ ಎದುರಾದವರೆಲ್ಲ 'ಮಾಲ್‌ಟ್ಸೈಟ್' ಅನ್ನುತ್ತಾರಲ್ಲ, ಅದು ಊಟ ಎಂಬ ಅರ್ಥದ ಪದವೇ. ಆ ಒಂದು ನಮಸ್ಕಾರ ಮಾತ್ರ ನನಗೆ ಊರಿನದರಂತೆ ಕೇಳಿಸುತ್ತದೆ.

ಎಚ್ಚರ ತಪ್ಪಬಾರದ ಎರಡು

ಇಲ್ಲಿಯವರೆಗಿನದು ಮುಜುಗರದ ಮಟ್ಟದ್ದು. ಮುಂದಿನದು ಹಾಗಲ್ಲ.

ಗೃಹಪ್ರವೇಶಕ್ಕೆ ಬಾಗಿಲ ಮೇಲೆ ಅರಿಶಿನ ಕುಂಕುಮದ ಸ್ವಸ್ತಿಕ, ಹೊಸ ಕಾರಿನ ಬಾನೆಟ್ಟಿಗೊಂದು, ದೀಪಾವಳಿಯ ರಂಗೋಲಿಯಲ್ಲೊಂದು. ನಮಗೆ ಅದು ಮಂಗಳ. ಜರ್ಮನಿಯ ದಂಡಸಂಹಿತೆಯ 86ಎ ಕಲಮು ಹಿಟ್ಲರನ ನಾಜಿಗಳಂಥ ನಿಷೇಧಿತ ಸಂಘಟನೆಗಳ ಚಿಹ್ನೆಗಳನ್ನು, ನಾಜಿಗಳ ಸ್ವಸ್ತಿಕವನ್ನೂ ಸೇರಿಸಿ, ಬಹಿರಂಗವಾಗಿ ತೋರುವುದನ್ನು ಅಪರಾಧವೆನ್ನುತ್ತದೆ. ದಂಡ ಅಥವಾ ಮೂರು ವರ್ಷದವರೆಗೆ ಸೆರೆ. ನಮ್ಮ ಧಾರ್ಮಿಕ ಸ್ವಸ್ತಿಕ ಆ ಚಿಹ್ನೆಯಲ್ಲ ನಿಜ. 2007ರಲ್ಲಿ ಯುರೋಪಿಗೆಲ್ಲ ಅನ್ವಯಿಸುವ ನಿಷೇಧದ ಮಾತನ್ನು ಜರ್ಮನಿ ಎತ್ತಿದಾಗ ಹಿಂದೂ ಸಂಘಟನೆಗಳು ವಿರೋಧಿಸಿದವು, ಆ ಪ್ರಸ್ತಾಪ ಅಲ್ಲಿಗೇ ನಿಂತಿತು. ಆದರೆ ಬೀದಿಯಲ್ಲಿ ನಡೆದು ಹೋಗುವವರಿಗೆ ನಿಮ್ಮ ಬಾಗಿಲಿನ ಮುಂದೆ ನಿಂತು ಇತಿಹಾಸ ಓದುವ ವ್ಯವಧಾನ ಇರುವುದಿಲ್ಲ. ಅವರ ಅಜ್ಜಿಯ ಕುಟುಂಬ ಹೇಗೆ ಮುಗಿಯಿತು ಎಂಬುದೂ ನಮಗೆ ಗೊತ್ತಿರುವುದಿಲ್ಲ. ದೇವರ ಮನೆಯೊಳಗೆ ಇಟ್ಟುಕೊಳ್ಳಿ. ಬಾಗಿಲಿಗೆ ಓಂ ಸಾಕು, ಮಾವಿನೆಲೆ ಸಿಗದಿದ್ದರೂ ಕಾಗದದ ತೋರಣ ಸಾಕು. ಇದನ್ನು ಶರಣಾಗತಿ ಎಂದು ವಾದಿಸುವವರು ನಮ್ಮಲ್ಲಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಸಾವಿನ ಮನೆಯ ಮುಂದೆ ವಾಲಗ ಊದಿಸದಿರುವ ಹಾಗೆ ಇದು.

ಚಿಹ್ನೆಗಿಂತ ಬೇಗ ಜಾರುವುದು ನಾಲಿಗೆ. ನಮ್ಮೂರಿನಲ್ಲಿ ಕಟ್ಟುನಿಟ್ಟಿನ ಹೆಡ್‌ಮಾಸ್ತರು ಹಿಟ್ಲರ್, ಮನೆಯಲ್ಲಿ ಜೋರು ಮಾಡುವ ಅತ್ತೆಯೂ ಹಿಟ್ಲರ್. ಈ ತಮಾಷೆಯನ್ನು ಇಲ್ಲಿ ಒಂದು ಸಲವೂ ಮಾಡಬೇಡಿ. ಕಾಲುದಾರಿಯಲ್ಲಿ ನಡೆಯುವಾಗ ಅಂಗೈಯಗಲದ, ಹತ್ತು ಸೆಂಟಿಮೀಟರ್ ಚೌಕದ, ಹಿತ್ತಾಳೆ ಹೊದಿಸಿದ ಕಲ್ಲುಗಳು ಕಾಣುತ್ತವೆ. ಆ ಮನೆಯಿಂದ ನಾಜಿಗಳು ಹೊತ್ತೊಯ್ದವರ ಹೆಸರು, ಹುಟ್ಟಿದ ವರ್ಷ, ಕೊಂದ ಜಾಗ ಅದರ ಮೇಲಿದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಆರಂಭಿಸಿದ ಈ ಕೆಲಸ 2023ರಲ್ಲಿ ಒಂದು ಲಕ್ಷ ಕಲ್ಲು ದಾಟಿತು. ಓದಬೇಕೆಂದರೆ ತಲೆ ಬಗ್ಗಿಸಲೇಬೇಕು. ಹೆಸರನ್ನು ತುಳಿಯಬಾರದು ಎಂದು ಬೆಳೆದ ನಾನು ಈಗಲೂ ಸುತ್ತುಹಾಕಿ ಹೋಗುತ್ತೇನೆ.

ಎರಡನೆಯದು ಫೋಟೋ. ಮಗುವಿನ ಸ್ಕೂಲಿನ ಗೆಳೆಯರು ಹುಟ್ಟುಹಬ್ಬಕ್ಕೆ ಬಂದರು, ಎಲ್ಲರ ಫೋಟೋ ತೆಗೆದು ಅರ್ಧ ಗಂಟೆಯಲ್ಲಿ ವಾಟ್ಸ್ಆಪ್ ಸ್ಟೇಟಸ್ಸಿಗೆ ಹಾಕಿದಿರಿ. ಸಂಜೆಗೆ ತಾಯಂದಿರಿಂದ ಚಿಕ್ಕ, ತಣ್ಣಗಿನ ಮೆಸೇಜು ಬರುತ್ತದೆ. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹರಡಬಾರದು ಎಂಬ ಕಾನೂನು ಇಲ್ಲಿ 1907ರಿಂದ ಇದೆ. ಅದರ ಹಿಂದೆ ಒಂದು ಸಾವಿದೆ. 1898ರ ಜುಲೈ ಕೊನೆಯಲ್ಲಿ ಜರ್ಮನಿಯ ಮೊದಲ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೋಗ್ರಾಫರುಗಳು ಅವರ ಕೋಣೆಗೆ ಕದ್ದು ನುಗ್ಗಿ ಹೆಣದ ಫೋಟೋ ತೆಗೆದು ಮಾರಲು ಹೊರಟರು. ದೇಶ ರೊಚ್ಚಿಗೆದ್ದಿತು. ಆಗ ಕೋರ್ಟಿಗೆ ನೆಟ್ಟಗೆ ಹಿಡಿಯಲು ಒಂದು ಕಲಮು ಇರಲಿಲ್ಲ. ಮನೆಗೆ ನುಗ್ಗಿದ್ದನ್ನೇ ಆಧಾರ ಮಾಡಿಕೊಳ್ಳಬೇಕಾಯಿತು. ಆ ಮೇಲೆ ಬಂದ ಕಾನೂನು ಅದು. ಹಾಗಾಗಿ ಪಾರ್ಕಿನಲ್ಲಿ ಮುದ್ದಾದ ಮಗು ಕಂಡರೆ ಕೆನ್ನೆ ಗಿಲ್ಲಬೇಡಿ, ಫೋಟೋ ತೆಗೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ಗದರಿಸಿದವರೆಲ್ಲ ಸರಿಯಿರುವುದಿಲ್ಲ. ಕೆಂಪು ದೀಪವಿದ್ದಾಗ ರಸ್ತೆ ದಾಟಿದರೆ 5 ಯೂರೋ ದಂಡ, ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತ ಅಜ್ಜಿ, 'ಮಕ್ಕಳು ನೋಡುತ್ತಿವೆ' ಎಂದು ಬೈಯುತ್ತಾರೆ. ಅವರು ಯಾರನ್ನಾದರೂ ಬೈಯುತ್ತಾರೆ, ತಮ್ಮವರನ್ನೂ. ಆದರೆ ಬಸ್ಸಿನಲ್ಲಿ ಮೆಲ್ಲಗೆ ಕನ್ನಡ ಮಾತಾಡಿದ್ದಕ್ಕೆ 'ಇಲ್ಲಿ ಜರ್ಮನ್ ಮಾತಾಡು' ಅನ್ನುವವರೂ ಸಿಗುತ್ತಾರೆ. ಅಂಥ ನಿಯಮ ಎಲ್ಲೂ ಇಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಗೊತ್ತಿರುವ ಉಪಾಯ ಒಂದೇ. ಇದೇ ಕೆಲಸವನ್ನು ಇಲ್ಲಿಯವರೇ ಮಾಡಿದ್ದರೆ ಈ ಮನುಷ್ಯ ಬೈಯುತ್ತಿದ್ದನೇ ಎಂದು ಕೇಳಿಕೊಳ್ಳುವುದು. ಹೌದಾದರೆ ತಿದ್ದಿಕೊಳ್ಳುತ್ತೇನೆ. ಅಲ್ಲವಾದರೆ ಕನ್ನಡವನ್ನು ಅಷ್ಟೇ ಮೆಲ್ಲಗೆ ಮುಂದುವರಿಸುತ್ತೇನೆ.

ಕಳೆದ ಬೇಸಿಗೆಗೆ ಅಮ್ಮ ಮೂರು ತಿಂಗಳು ಬಂದಿದ್ದರು. ಮೊದಲ ಬೆಳಿಗ್ಗೆಯೇ ಎದ್ದು ಪೊರಕೆ ಹುಡುಕಿ ಬಾಗಿಲ ಮುಂದೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಗೆಯೇ ಎರಡು ಮಹಡಿಯ ಮೆಟ್ಟಿಲನ್ನೂ ಒರೆಸಿಬಿಟ್ಟರು. ಆ ವಾರ ಸರದಿ ಎದುರುಮನೆಯವರದು. ಅವರು ಗಾಬರಿಯಾಗಿ ಬಂದು, ನಾವು ಮಾಡಲಿಲ್ಲವೆಂದು ನಿಮಗೆ ಅಸಮಾಧಾನವೇ ಎಂದು ಕೇಳಿದರು. ಇಲ್ಲ, ಇವರಿಗೆ ಅಭ್ಯಾಸ ಎಂದು ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕಾಯಿತು. ಮೂರನೇ ದಿನ ಹೊಸ್ತಿಲ ಹೊರಗೆ ನಾಲ್ಕೆಳೆಯ ರಂಗೋಲಿ ಬಂತು. ಕೆಳಮನೆಯವರು ಮೆಟ್ಟಿಲಲ್ಲಿ ನಿಂತು ತುಂಬ ಹೊತ್ತು ನೋಡಿ, ಚೆನ್ನಾಗಿದೆ, ಆದರೆ ಪುಡಿ ಮೆಟ್ಟಿಲಿಗೆಲ್ಲ ಹರಡುತ್ತದೆ, ಹೊಸ್ತಿಲ ಒಳಗೆ ಹಾಕಬಹುದೇ ಎಂದು ಕೇಳಿದರು. ಅಮ್ಮನಿಗೆ ಹೇಳಿದೆ. ಒಳಗಡೆ ಹಾಕಿದರು.

ಸೋಮವಾರ ಬೋರ್ಡು ನಮ್ಮ ಬಾಗಿಲಿಗೆ ಬಂದಾಗ ಅದೇನೆಂದು ಕೇಳಿ ತಿಳಿದುಕೊಂಡು, ಅಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಅಂದರು: "ದಿನಾ ಮಾಡೋ ಕೆಲಸಕ್ಕೆ ವಾರ ಯಾಕೆ?"